ಹಾಯಿದೋಣಿಗೆ ಎಂಥ ಪಾದರಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಯಿದೋಣಿ ನಡೆಸಲು ಕಲಿಯಬೇಕೆಂದು ಬರುವವರು ಲೈಫ್ ಜಾಕೆಟ್ ಬಗ್ಗೆ ಕೇಳುತ್ತಾರೆ, ಕೈಗವಸು, ಟೋಪಿ, ತಂಪು ಕನ್ನಡಕದ ಬಗ್ಗೆ ಕೇಳುತ್ತಾರೆ. ಕಾಲಿನ ವಿಚಾರ ಹೆಚ್ಚಿನವರಿಗೆ ನೆನಪಾಗುವುದು ದೋಣಿಯ ಮೇಲ್ಹಾಸಾದ ಡೆಕ್‌ನ ಮೇಲಿನ ಯಾವುದೋ ಲೋಹದ ಕೊಂಡಿಗೆ ಹೆಬ್ಬೆರಳು ತಾಗಿ ಉಗುರು ಕಿತ್ತುಬಂದ ಮೇಲೆ. ಕೆರೆಯಲ್ಲಿ ಮೊದಲ ಪಾಠ ಕಲಿಯುವವರಿಂದ ಹಿಡಿದು ಮುಂಬೈ, ಚೆನ್ನೈ, ಹೈದರಾಬಾದ್‌ಗಳಲ್ಲಿ ದೋಣಿ ಹತ್ತುವ ಕನ್ನಡಿಗರವರೆಗೆ ಸಾಮಾನ್ಯವಾಗಿ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಅಂಗಡಿಗೆ ಹೋಗುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ: ನೀವು ಹತ್ತುವ ದೋಣಿಯಲ್ಲಿ ನಿಮ್ಮ ಪಾದ ಎಲ್ಲಿರುತ್ತದೆ, ಅದು ಏನು ಕೆಲಸ ಮಾಡುತ್ತದೆ? ಬ್ರ್ಯಾಂಡ್, ಬಣ್ಣ, ಬೆಲೆ ಎಲ್ಲವೂ ಆಮೇಲಿನ ಮಾತು.

ನಮ್ಮ ಕರಾವಳಿಯ ಮೀನುಗಾರರು ಬರಿಗಾಲಿನಲ್ಲೇ ಕಡಲಿಗೆ ಇಳಿಯುತ್ತಾರೆ. ನಮಗೇಕೆ ಶೂ?

ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ನಾಡದೋಣಿಯನ್ನು ಕಡಲಿಗೆ ನೂಕುವವರ ಅಂಗಾಲು ಬಾಲ್ಯದಿಂದಲೇ ಮರಳಿಗೆ, ಉಪ್ಪುನೀರಿಗೆ ಪಳಗಿರುತ್ತದೆ. ವಾರವಿಡೀ ಕಚೇರಿಯ ಶೂಗಳೊಳಗೆ ಬೆಚ್ಚಗಿದ್ದು ಭಾನುವಾರ ಮಾತ್ರ ನೀರಿಗಿಳಿಯುವ ಪಾದಕ್ಕೆ ಆ ಗಟ್ಟಿತನ ಬರುವುದಿಲ್ಲ. ಒಂದು ಗಂಟೆ ನೀರಿನಲ್ಲಿ ನೆಂದರೆ ಅದರ ಚರ್ಮ ಸುಕ್ಕುಗಟ್ಟಿ ಮೆತ್ತಗಾಗುತ್ತದೆ, ಆಮೇಲೆ ಸಣ್ಣದೊಂದು ಅಂಚು ತಾಗಿದರೂ ಸೀಳುತ್ತದೆ.

ದೋಣಿಯೂ ಬೇರೆ. ಕ್ರೀಡೆಗೆಂದು ಮಾಡಿದ ಹಾಯಿದೋಣಿಯ ಮೈಯೆಲ್ಲ ಸಾಮಾನು: ಹಗ್ಗ ಕಚ್ಚಿ ಹಿಡಿಯುವ ಹಲ್ಲುಳ್ಳ ಕ್ಲೀಟು, ರಾಟೆ, ತಿರುಪು, ಹಗ್ಗ ಓಡುವ ಲೋಹದ ಹಳಿ. ಗಾಳಿಯ ದಿಕ್ಕಿಗೆ ದೋಣಿಯನ್ನು ತಿರುಗಿಸುವಾಗ ಹಾಯಿಯ ಕೆಳಗಿನ ಅಡ್ಡಗಂಬವಾದ ಬೂಮ್‌ಗೆ ತಲೆ ಕೊಡದಂತೆ ಬಗ್ಗಿ, ಮೂರು ನಾಲ್ಕು ಸೆಕೆಂಡುಗಳಲ್ಲಿ ಈ ಬದಿಯಿಂದ ಆ ಬದಿಗೆ ದಾಟಬೇಕು. ಆಗ ಕಣ್ಣು ಹಾಯಿಯ ಮೇಲಿರುತ್ತದೆ, ಕಾಲಿನ ಮೇಲಲ್ಲ. ಬೆರಳು ಮುರಿದುಕೊಳ್ಳುವುದು ಇಂಥ ಹೊತ್ತಿನಲ್ಲೇ.

ಬರಿಗಾಲಿನ ಹಿಡಿತ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಒದ್ದೆ ಫೈಬರ್‌ಗ್ಲಾಸ್ ಮೇಲೆ ಅಂಗಾಲು ಚೆನ್ನಾಗಿಯೇ ಅಂಟಿಕೊಳ್ಳುತ್ತದೆ, ದೋಣಿಯ ಅಲುಗಾಟವೂ ನೇರವಾಗಿ ತಿಳಿಯುತ್ತದೆ. ಮರಳಿನ ದಡದಿಂದ ಹೊರಡುವ ವಿಂಡ್‌ಸರ್ಫಿಂಗ್ ಹಲಗೆಗೆ ಬರಿಗಾಲು ಸಾಕು. ಡಿಂಗಿ ಎಂಬ ಚಿಕ್ಕ ಹಾಯಿದೋಣಿ ಕಲಿಯುವ ಮೊದಲ ವರ್ಷ ಮಾತ್ರ ದಯವಿಟ್ಟು ಬೆರಳು ಮುಚ್ಚುವ ಏನನ್ನಾದರೂ ಹಾಕಿಕೊಳ್ಳಿ. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿರುವವರು ಯಾವ ದೋಣಿಯಲ್ಲೂ, ಯಾವ ದಿನವೂ ಬರಿಗಾಲಿನಲ್ಲಿ ಇರಬಾರದು.

ಈ ಭಾನುವಾರ ಮೊದಲ ತರಗತಿ. ಮನೆಯಲ್ಲಿರುವ ಓಟದ ಶೂ ನಡೆಯುತ್ತದೆಯೇ?

ಒಂದು ದಿನಕ್ಕೆ ನಡೆಯುತ್ತದೆ, ರೂಢಿಗೆ ಬೇಡ. ಓಟದ ಶೂಗಳ ಹಿಮ್ಮಡಿಯ ಕೆಳಗೆ ದಪ್ಪ ಮೆತ್ತೆ ಇರುತ್ತದೆ. ರಸ್ತೆಯಲ್ಲಿ ಅದು ಮಂಡಿಯನ್ನು ಕಾಯುತ್ತದೆ, ದೋಣಿಯಲ್ಲಿ ಪಾದವನ್ನು ಎತ್ತರಕ್ಕೇರಿಸಿ ಹರಡು ಉಳುಕಲು ದಾರಿ ಮಾಡುತ್ತದೆ. ಮೇಲಿನ ಜಾಲರಿ ಬಟ್ಟೆ ಮತ್ತು ಒಳಗಿನ ಸ್ಪಂಜು ನೀರು ಕುಡಿದು ಭಾರವಾಗುತ್ತವೆ, ಎರಡು ದಿನವಾದರೂ ಆರುವುದಿಲ್ಲ. ಅಟ್ಟೆಯ ಆಳವಾದ ತೋಡುಗಳಲ್ಲಿ ಸಿಕ್ಕಿಕೊಂಡ ಸಣ್ಣ ಕಲ್ಲು, ಮರಳು ಡೆಕ್‌ಗೆ ಬಂದು ಅದನ್ನು ಗೀರುತ್ತವೆ.

ಅದಕ್ಕಿಂತ ಒಳ್ಳೆಯ ವಸ್ತು ಬಹಳ ಮನೆಗಳಲ್ಲಿ ಇದ್ದೇ ಇರುತ್ತದೆ: ಮಕ್ಕಳು ಪಿ.ಟಿ. ದಿನ ಶಾಲೆಗೆ ಹಾಕಿಕೊಂಡು ಹೋಗುವ ಬಿಳಿ ಕ್ಯಾನ್ವಾಸ್ ಶೂ. ತೆಳು ಅಟ್ಟೆ, ಚಪ್ಪಟೆ ಹಿಮ್ಮಡಿ, ಹಗುರ ಮೈ, ಕಡಿಮೆ ಬೆಲೆ. ಅದರ ಕುಂದು ಎರಡು. ಆರಲು ಹೊತ್ತು ಹಿಡಿಯುತ್ತದೆ, ಮತ್ತು ಕೆಲವು ಅಗ್ಗದ ಜೊತೆಗಳ ಅಟ್ಟೆ ಗಾಜಿನಷ್ಟು ಗಡುಸಾಗಿರುತ್ತದೆ. ಉಗುರಿನಿಂದ ಒತ್ತಿ ನೋಡಿ. ಸ್ವಲ್ಪವಾದರೂ ತಗ್ಗಿ ಮತ್ತೆ ಮೇಲೆದ್ದರೆ ಸರಿ. ಕಲ್ಲಿನ ಹಾಗೆ ಕುಳಿತಿದ್ದರೆ ಒದ್ದೆ ಡೆಕ್ ಮೇಲೆ ಜಾರುವುದು ಖಚಿತ.

ದೋಣಿಯ ಬಗೆಗೆ ತಕ್ಕಂತೆ ಶೂ ಬದಲಾಗಬೇಕೇ?

ಬದಲಾಗಲೇಬೇಕು. ಒಬ್ಬರೋ ಇಬ್ಬರೋ ಕೂರುವ ಚಿಕ್ಕ ದೋಣಿ ಡಿಂಗಿ. ಅದರಲ್ಲಿ ನೀವು ನಿಲ್ಲುವುದೇ ಕಡಿಮೆ. ಅಂಚಿನ ಮೇಲೆ ಕುಳಿತು, ದೋಣಿಯ ನಡುವೆ ಬಿಗಿದ ಪಟ್ಟಿಯ ಅಡಿಗೆ ಪಾದ ಸೇರಿಸಿ, ಮೈಯನ್ನು ನೀರಿನ ಮೇಲೆ ಹೊರಚಾಚಿ ದೋಣಿಯನ್ನು ಸಮ ಮಾಡುತ್ತೀರಿ. ಇದಕ್ಕೆ ಹೈಕಿಂಗ್ ಎನ್ನುತ್ತಾರೆ. ನಿಮ್ಮ ತೂಕವನ್ನು ದೋಣಿಗೆ ಕಟ್ಟಿಹಾಕುವುದು ಪಾದದ ಮೇಲ್ಭಾಗ. ಹಾಗಾಗಿ ಡಿಂಗಿಯ ಶೂ ಮೊದಲು ಕಾಯಬೇಕಾದದ್ದು ಅಂಗಾಲನ್ನಲ್ಲ, ಪಾದದ ಬೆನ್ನನ್ನು. ಅಂಗಡಿಯವರು ಅಟ್ಟೆಯನ್ನು ತಿರುಗಿಸಿ ತೋರಿಸುತ್ತಾರೆ. ನೀವು ಮೇಲ್ಭಾಗವನ್ನು ಹಿಸುಕಿ ನೋಡಿ.

ಅಡಿಯಲ್ಲಿ ಕೀಲ್ ಎಂಬ ಭಾರದ ರೆಕ್ಕೆ ಇರುವ ದೊಡ್ಡ ದೋಣಿ ಕೀಲ್‌ಬೋಟ್. ಅಲ್ಲಿ ನಡೆಯುತ್ತೀರಿ, ಮಂಡಿಯೂರುತ್ತೀರಿ, ಹಗ್ಗ ಎಳೆಯುವಾಗ ಕಾಲೂರಿ ಬಲ ಹಾಕುತ್ತೀರಿ. ಅಲ್ಲಿ ಅಟ್ಟೆಯೇ ಮುಖ್ಯ. ದಿನಗಟ್ಟಲೆ ಸಾಗುವ ಕಡಲಯಾನಕ್ಕೆ ಬಂದರೆ ಪಾದವನ್ನು ಒಣಗಿಸಿ ಇಟ್ಟುಕೊಳ್ಳುವುದೇ ದೊಡ್ಡ ಕೆಲಸವಾಗುತ್ತದೆ. ಈ ಮೂರನ್ನೂ ಒಂದೇ ಜೊತೆ ಶೂ ಚೆನ್ನಾಗಿ ಮಾಡಿದ್ದನ್ನು ನಾನು ಕಂಡಿಲ್ಲ.

ಡಿಂಗಿಗೆ ಕೊಳ್ಳುವಾಗ ಏನೇನು ನೋಡಬೇಕು?

ಐಎಲ್‌ಸಿಎ ಎಂಬ ದೋಣಿಯನ್ನೇ ತೆಗೆದುಕೊಳ್ಳಿ. ಹಿಂದೆ ಇದನ್ನು ಲೇಸರ್ ಎನ್ನುತ್ತಿದ್ದರು, ಹಳಬರು ಈಗಲೂ ಹಾಗೆಯೇ ಕರೆಯುತ್ತಾರೆ. ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಭಾರತದ ನೇತ್ರಾ ಕುಮಾನನ್ ಮತ್ತು ವಿಷ್ಣು ಸರವಣನ್ ಸ್ಪರ್ಧಿಸಿದ್ದು ಇದರಲ್ಲಿಯೇ. ಸುಮಾರು 4.2 ಮೀಟರ್ ಉದ್ದದ ದೋಣಿ, ಒಬ್ಬರೇ ಸವಾರರು. ಗಾಳಿ ಬಲವಾಗಿ ಬೀಸುವಾಗ ತೊಡೆಯಿಂದ ತಲೆಯವರೆಗಿನ ಮೈ ದೋಣಿಯ ಹೊರಗಿರುತ್ತದೆ, ಪಟ್ಟಿ ಪಾದದ ಮೇಲೆ ಒತ್ತಿ ನಿಂತಿರುತ್ತದೆ. ತೆಳು ಶೂ ಹಾಕಿದ್ದರೆ ಅರ್ಧ ಗಂಟೆಯಲ್ಲಿ ಪಾದದ ಮೇಲೆ ಕೆಂಪು ಬರೆ ಬೀಳುತ್ತದೆ, ಆಮೇಲೆ ಬೆರಳುಗಳು ಜೋಮು ಹಿಡಿಯುತ್ತವೆ. ನೋವಾದ ಕೂಡಲೇ ಮೈ ತಾನಾಗಿ ಒಳಗೆ ಸರಿಯುತ್ತದೆ, ದೋಣಿ ವಾಲುತ್ತದೆ, ವೇಗ ಕುಸಿಯುತ್ತದೆ. ತೊಡೆಯಲ್ಲಿ ಬಲವಿಲ್ಲ ಎಂದು ಕೊರಗುವ ಎಷ್ಟೋ ಹೊಸಬರ ನಿಜವಾದ ತೊಂದರೆ ಈ ಒಂದು ಅಂಗೈಯಗಲದ ಜಾಗದಲ್ಲಿರುತ್ತದೆ.

ಇದಕ್ಕೆಂದೇ ನಿಯೋಪ್ರೀನ್ ಬೂಟುಗಳಿವೆ. ನಿಯೋಪ್ರೀನ್ ಎಂದರೆ ಒಳಗೆ ಸಣ್ಣ ಅನಿಲದ ಗುಳ್ಳೆಗಳನ್ನು ಹಿಡಿದಿಟ್ಟುಕೊಂಡ ಕೃತಕ ರಬ್ಬರ್. ಒಳ್ಳೆಯ ಡಿಂಗಿ ಬೂಟಿನಲ್ಲಿ ಪಾದದ ಮೇಲ್ಭಾಗಕ್ಕೆ ಹೆಚ್ಚುವರಿ ರಬ್ಬರ್ ಹೊದಿಕೆ ಅಥವಾ ಮೆತ್ತೆ ಇರುತ್ತದೆ. ಮುಟ್ಟಿದರೆ ಒರಟಾಗಿರಬೇಕು. ಆ ಒರಟುತನವೇ ಪಟ್ಟಿಯನ್ನು ಜಾರದಂತೆ ಹಿಡಿಯುವುದು. ಹಿಮ್ಮಡಿಯ ಹಿಂಭಾಗ ಗಟ್ಟಿಯಾಗಿರಲಿ. ಅಟ್ಟೆ ತೆಳುವಾಗಿದ್ದು ಬಾಗಲಿ, ಆದರೆ ಚೂಪುಕಲ್ಲು ಚುಚ್ಚುವಷ್ಟು ತೆಳುವಾಗದಿರಲಿ. ಜಿಪ್ ಇದ್ದರೆ ಪಾದದ ಬೆನ್ನ ಮೇಲೆ ಬಾರದೆ ಪಕ್ಕದಲ್ಲಿರಲಿ. ಪಟ್ಟಿಯ ಅಡಿಗೆ ಸಿಕ್ಕಿದ ಜಿಪ್ಪಿನ ಹಲ್ಲು ಕಾಲಿಗೆ ಊರಿಕೊಂಡು ಹಿಂಸೆ ಕೊಡುತ್ತದೆ.

ಲೇಸಿನ ಕುಣಿಕೆಗಳ ವಿಷಯದಲ್ಲಿ ಅಸಡ್ಡೆ ಬೇಡ. ದೋಣಿ ಮಗುಚಿದಾಗ ಹತ್ತಾರು ಹಗ್ಗಗಳು ನೀರಿನಲ್ಲಿ ತೇಲಾಡುತ್ತವೆ. ನೇತಾಡುವ ಲೇಸು, ಹಿಮ್ಮಡಿಯ ಹಿಂದಿನ ಎಳೆಯುವ ಕುಣಿಕೆ, ಅಲಂಕಾರದ ಬಕಲ್ ಇವೆಲ್ಲ ಹಗ್ಗಕ್ಕೋ ಕೊಂಡಿಗೋ ಸಿಕ್ಕಿಕೊಳ್ಳುತ್ತವೆ. ಲೇಸನ್ನು ಎರಡು ಗಂಟು ಹಾಕಿ ತುದಿಗಳನ್ನು ಒಳಗೆ ಸಿಕ್ಕಿಸಿ, ಮೇಲೆ ವೆಲ್ಕ್ರೊ ಪಟ್ಟಿ ಇದ್ದರೆ ಅದರಿಂದ ಮುಚ್ಚಿ.

ಟ್ರಪೀಜ್ ಇರುವ ದೋಣಿಗೂ ಇದೇ ಬೂಟು ಆಗುತ್ತದೆಯೇ?

ಟ್ರಪೀಜ್ ಎಂದರೆ ಹಾಯಿಕಂಬದಿಂದ ಇಳಿಬಿಟ್ಟ ತಂತಿಗೆ ಸೊಂಟದ ಕೊಕ್ಕೆ ಸಿಕ್ಕಿಸಿ ದೋಣಿಯ ಅಂಚಿನ ಮೇಲೆ ನಿಂತು ಹೊರಗೆ ಬಾಗುವುದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್ ಸ್ಪರ್ಧಿಸಿದ ಫಾರ್ಟಿನೈನರ್ (49er) ದೋಣಿಯಲ್ಲಿ ಇಬ್ಬರೂ ಹೀಗೆಯೇ ತೂಗುತ್ತಾರೆ. ಇಲ್ಲಿ ಲೆಕ್ಕ ಉಲ್ಟಾ. ಪಾದದ ಮೇಲ್ಭಾಗಕ್ಕೆ ಒತ್ತಡವಿಲ್ಲ, ಇಡೀ ದೇಹ ಅಂಗಾಲಿನ ಮುಂಭಾಗದ ಮೇಲೆ ನಿಂತಿದೆ. ಅಟ್ಟೆ ಮೆದುವಾಗಿರಲಿ, ಚಪ್ಪಟೆಯಾಗಿರಲಿ, ಕಾಲಿಗೆ ಅಂಟಿದಂತಿರಲಿ. ಹೆಬ್ಬೆರಳು ಬೇರೆಯಾಗಿ ಕೂರುವ ಬೂಟುಗಳನ್ನು ಕೆಲವರು ಇಷ್ಟಪಡುತ್ತಾರೆ. ದೋಣಿಯ ಅಂಚನ್ನು ಬೆರಳಿನಿಂದ ಹಿಡಿಯಲು ಅವು ಅನುಕೂಲ.

ಅಟ್ಟೆಯಲ್ಲಿ ಅಷ್ಟೊಂದು ಸಣ್ಣ ಸೀಳುಗಳೇಕೆ?

ಕಾಲು ಜಾರುವುದು ಅಟ್ಟೆ ಮತ್ತು ಡೆಕ್ ನಡುವೆ ನೀರಿನ ತೆಳು ಪೊರೆ ಉಳಿದುಬಿಟ್ಟಾಗ. ಹೆಜ್ಜೆ ಊರಿದ ಕ್ಷಣದಲ್ಲಿ ಆ ನೀರಿಗೆ ಹೊರಹೋಗಲು ಜಾಗ ಬೇಕು. ದಾರದಷ್ಟು ಸಪೂರವಾದ ಸೀಳುಗಳು ತೂಕ ಬಿದ್ದಾಗ ಸ್ವಲ್ಪ ಬಾಯಿಬಿಡುತ್ತವೆ, ನೀರು ಅದರೊಳಗೆ ಸರಿಯುತ್ತದೆ, ಪ್ರತಿ ಸೀಳಿನ ಅಂಚೂ ಡೆಕ್ಕನ್ನು ಒರೆಸಿದಂತೆ ಹಿಡಿಯುತ್ತದೆ.

ಇದನ್ನು ದೋಣಿಯ ಶೂಗೆ ತಂದವರು ಅಮೆರಿಕದ ಕನೆಕ್ಟಿಕಟ್‌ನ ಪಾಲ್ ಸ್ಪೆರಿ. ದೋಣಿಯ ಡೆಕ್ ಮೇಲೆ ಕಾಲು ಜಾರಿ ಅನುಭವವಾಗಿದ್ದ ಅವರು, ಚಳಿಗಾಲದಲ್ಲಿ ತಮ್ಮ ಕಾಕರ್ ಸ್ಪೇನಿಯಲ್ ನಾಯಿ ಪ್ರಿನ್ಸ್ ಹಿಮದ ಮೇಲೆ ಸಲೀಸಾಗಿ ಓಡುವುದನ್ನು ಕಂಡು ಅದರ ಅಂಗಾಲನ್ನು ಪರೀಕ್ಷಿಸಿದರೆಂದು ಕಥೆ. ಅಲ್ಲಿ ಎಲ್ಲ ದಿಕ್ಕಿಗೂ ಹರಡಿದ ಸಣ್ಣ ಬಿರುಕುಗಳಿದ್ದವು. ಅವರು ಚಾಕು ಹಿಡಿದು ರಬ್ಬರ್ ಅಟ್ಟೆಯ ಮೇಲೆ ಮೀನಿನ ಮುಳ್ಳಿನಂತೆ ಅಂಕುಡೊಂಕಾಗಿ ಸೀಳುಗಳನ್ನು ಕೊರೆದರು. 1935ರಲ್ಲಿ ಆ ಶೂ ಮಾರುಕಟ್ಟೆಗೆ ಬಂದಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ನೌಕಾಪಡೆಯೂ ಅದನ್ನು ತನ್ನ ನಾವಿಕರಿಗೆ ಕೊಡಿಸಿತು. ಇಂದು ಯಾವ ಕಂಪನಿಯ ಡೆಕ್ ಶೂ ತಿರುಗಿಸಿ ನೋಡಿದರೂ ಕಾಣುವುದು ಅದೇ ಅಂಕುಡೊಂಕು ಗೆರೆಗಳ ಸಂತತಿ.

ಹಾಗಾಗಿ ಬೆಟ್ಟ ಹತ್ತುವ ಶೂಗಳ ದಪ್ಪ ಹಲ್ಲುಗಳನ್ನು ನೋಡಿ ಹಿಡಿತ ಜಾಸ್ತಿ ಎಂದು ನಂಬಬೇಡಿ. ಆ ಹಲ್ಲುಗಳು ಕೆಸರಿನೊಳಗೆ ಇಳಿದು ಹಿಡಿಯುವಂಥವು. ನುಣುಪಾದ ಡೆಕ್‌ನಲ್ಲಿ ಇಳಿಯಲು ಏನೂ ಇಲ್ಲ, ಹಲ್ಲುಗಳ ತುದಿ ಮಾತ್ರ ತಾಗುತ್ತದೆ.

ಕಪ್ಪು ಅಟ್ಟೆಯ ಶೂ ಹಾಕಿಕೊಂಡು ಬರಬೇಡಿ ಎನ್ನುತ್ತಾರೆ. ಯಾಕೆ?

ರಬ್ಬರನ್ನು ಗಟ್ಟಿಮಾಡಲು ಬಳಸುವ ಇಂಗಾಲದ ಕಪ್ಪು ಪುಡಿ ಬಿಳಿ ಡೆಕ್ ಮೇಲೆ ಗೀಟು ಬಿಡುತ್ತದೆ. ಆ ಗೀಟನ್ನು ಉಜ್ಜಿ ತೆಗೆಯುವ ಕೆಲಸ ದೋಣಿಯವರ ಪಾಲಿಗೆ ಬರುತ್ತದೆ. ಆದರೆ ಕಪ್ಪಾಗಿದ್ದೂ ಗುರುತು ಬಿಡದ ಅಟ್ಟೆಗಳಿವೆ, ತಿಳಿಬಣ್ಣದ್ದಾಗಿದ್ದೂ ಗೀಟು ಎಳೆಯುವ ಅಟ್ಟೆಗಳಿವೆ. ಬಿಳಿ ಹಾಳೆಯೊಂದನ್ನು ನೆಲದ ಮೇಲಿಟ್ಟು ಅಟ್ಟೆಯನ್ನು ಒತ್ತಿ ಎಳೆದರೆ ಅನುಮಾನ ಬಗೆಹರಿಯುತ್ತದೆ.

ಸ್ನೇಹಿತರು ತಮ್ಮ ದೋಣಿಗೆ ಕರೆದಿದ್ದಾರೆ. ಹತ್ತುವ ಮೊದಲು ಶೂ ಬಿಚ್ಚಬೇಕೇ?

ಮನೆಯ ಹೊಸ್ತಿಲ ಹೊರಗೆ ಚಪ್ಪಲಿ ಬಿಡುವ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಡೆಕ್‌ಗೂ ಅದೇ ಮರ್ಯಾದೆ. ರಸ್ತೆಯ ಮರಳು ಅಟ್ಟೆಯಲ್ಲಿ ಬಂದರೆ ಫೈಬರ್‌ಗ್ಲಾಸ್‌ನ ಹೊಳಪನ್ನು, ತೇಗದ ಹಲಗೆಯನ್ನು ಮರಳುಕಾಗದದಂತೆ ಉಜ್ಜಿ ಸವೆಸುತ್ತದೆ. ಶುದ್ಧವಾದ ಒಂದು ಜೊತೆ ಶೂಗಳನ್ನು ಚೀಲದಲ್ಲಿ ತಂದು ಜೆಟ್ಟಿಯ ಮೇಲೆ ಬದಲಿಸಿಕೊಳ್ಳಿ. ಬರಿಗಾಲಿನಲ್ಲಿ ಬರಬಹುದೇ ಎಂಬುದನ್ನು ದೋಣಿಯ ಯಜಮಾನರನ್ನು ಮೊದಲೇ ಕೇಳಿ. ಹೀಲ್ಸ್ ಇರುವ ಚಪ್ಪಲಿ ಯಾವ ಡೆಕ್‌ಗೂ ಸಲ್ಲದು.

ಮುಂಬೈನಲ್ಲಾದರೆ ಇನ್ನೊಂದು ಮಾತು. ಅಲ್ಲಿ ದೋಣಿಗಳು ಗೇಟ್‌ವೇ ಆಫ್ ಇಂಡಿಯಾದ ಎದುರಿನ ನೀರಿನಲ್ಲಿ ಲಂಗರು ಹಾಕಿ ನಿಂತಿರುತ್ತವೆ. ಮೆಟ್ಟಿಲಿಳಿದು ಸಣ್ಣ ದೋಣಿಗೆ, ಅದರಿಂದ ಹಾಯಿದೋಣಿಗೆ ದಾಟಬೇಕು. ಉಬ್ಬರವಿಳಿತಕ್ಕೆ ಸಿಕ್ಕ ಮೆಟ್ಟಿಲುಗಳು ಪಾಚಿಗಟ್ಟಿರುತ್ತವೆ. ಕಡಲಿನಲ್ಲಿ ಎಲ್ಲೂ ಜಾರದವರು ಈ ಮೆಟ್ಟಿಲಲ್ಲಿ ಜಾರುವುದುಂಟು. ಶೂಗಳು ಕಾಲಿನಲ್ಲಿರಲಿ, ಕೈಗಳು ಖಾಲಿ ಇರಲಿ.

ಹವಾಯಿ ಚಪ್ಪಲಿ, ಕ್ರಾಕ್ಸ್, ಸ್ಯಾಂಡಲ್?

ದಡದವರೆಗೆ ಬರಲು ಹವಾಯಿ ಚಪ್ಪಲಿ ಸಾಕು. ಅಲ್ಲೇ ಬಿಟ್ಟುಬಿಡಿ. ಹೆಬ್ಬೆರಳ ಸಂದಿಯೊಂದರಿಂದಲೇ ಹಿಡಿದುಕೊಂಡಿರುವ ಪಾದರಕ್ಷೆ ಒದ್ದೆಯಾದ ಕೂಡಲೇ ಕಾಲಿನಿಂದ ಜಾರಿ ಪಕ್ಕಕ್ಕೆ ತಿರುಗುತ್ತದೆ. ಕ್ರಾಕ್ಸ್‌ಗೂ ಇದೇ ಮಾತು. ಹಿಮ್ಮಡಿಗೆ ಪಟ್ಟಿ ಇರುವ, ಬೆರಳುಗಳನ್ನು ಮುಚ್ಚುವ ಸ್ಯಾಂಡಲ್ ಇದ್ದರೆ ಶಾಂತ ದಿನದಲ್ಲಿ ಕೀಲ್‌ಬೋಟ್‌ಗೆ ಆದೀತು. ಡಿಂಗಿಯಲ್ಲಿ ಮಾತ್ರ ಸ್ಯಾಂಡಲ್‌ನ ಬಕಲ್ ಹೈಕಿಂಗ್ ಪಟ್ಟಿಗೆ ಸಿಕ್ಕಿಕೊಂಡು ಕಾಲನ್ನು ಬಿಡದೆ ಹಿಡಿದುಬಿಡಬಹುದು. ಮಗುಚುವ ದೋಣಿಯಲ್ಲಿ ಅದು ಅಪಾಯ.

ಚರ್ಮದ ಡೆಕ್ ಶೂ ಚೆಂದ ಕಾಣುತ್ತದೆ. ಕೊಳ್ಳಬಹುದೇ?

ಕೀಲ್‌ಬೋಟ್‌ಗೆ, ಒಣ ಗಾಳಿಯ ದಿನಗಳಿಗೆ ಕೊಳ್ಳಬಹುದು. ಒಳ್ಳೆಯ ಡೆಕ್ ಶೂಗಳಲ್ಲಿ ಚರ್ಮದ ಲೇಸು ಹಿಮ್ಮಡಿಯ ಸುತ್ತ ಒಂದು ಸುತ್ತು ಬಂದಿರುತ್ತದೆ. ಮುಂದೆ ಎಳೆದರೆ ಇಡೀ ಬಾಯಿ ಬಿಗಿಯುತ್ತದೆ. ಪೇಟೆಯಲ್ಲಿ ಅದೇ ರೂಪದಲ್ಲಿ ಸಿಗುವ ಬಹಳಷ್ಟು ಶೂಗಳಲ್ಲಿ ಈ ಲೇಸು ಬರೀ ಅಲಂಕಾರ. ಹೊಲಿದಿಟ್ಟಿರುತ್ತಾರೆ, ಎಳೆದರೆ ಅಲುಗುವುದೇ ಇಲ್ಲ. ಅಟ್ಟೆಯೂ ಗಡುಸು. ಅವು ಮದುವೆ ಮನೆಗೆ ಸರಿ, ದೋಣಿಗಲ್ಲ. ಲೇಸು ಎಳೆದು ನೋಡುವುದು, ಅಟ್ಟೆಯನ್ನು ಬಾಗಿಸಿ ಸೀಳುಗಳು ಬಾಯಿಬಿಡುತ್ತವೆಯೇ ಎಂದು ನೋಡುವುದು, ಇವೆರಡೇ ಪರೀಕ್ಷೆಯಿಂದ ಅಸಲಿ ನಕಲಿ ತಿಳಿಯುತ್ತದೆ.

ಚರ್ಮಕ್ಕೆ ಉಪ್ಪುನೀರು ಆಗದು. ನೀರು ಆರಿದ ಮೇಲೆ ಉಳಿಯುವ ಉಪ್ಪು ತೇವ ಹೀರುತ್ತಾ ಚರ್ಮವನ್ನು ಬಿರುಸಾಗಿಸಿ ಬಿರುಕು ಬಿಡಿಸುತ್ತದೆ. ಮಳೆಗಾಲದ ಮಂಗಳೂರಿನಲ್ಲೋ ಕಾರವಾರದಲ್ಲೋ ಕಪಾಟಿನೊಳಗೆ ಇಟ್ಟರೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಅದನ್ನು ನೋಡಿಕೊಳ್ಳುವ ವ್ಯವಧಾನವಿಲ್ಲದವರು ಬೇಗ ಆರುವ ಸಿಂಥೆಟಿಕ್ ಬಟ್ಟೆಯ, ಅಟ್ಟೆಯಲ್ಲಿ ನೀರು ಹರಿದುಹೋಗುವ ತೂತುಗಳಿರುವ ಶೂಗಳನ್ನು ಕೊಳ್ಳುವುದು ಮೇಲು. ನಮ್ಮ ಹವೆಗೆ ನನ್ನ ಮೊದಲ ಆಯ್ಕೆಯೂ ಅದೇ.

ಬಿಸಿಲಿನ ನಾಡಿನಲ್ಲಿ ನಿಯೋಪ್ರೀನ್ ಕಾಲನ್ನು ಬೇಯಿಸುವುದಿಲ್ಲವೇ?

ದಪ್ಪದ್ದನ್ನು ಕೊಂಡರೆ ಬೇಯಿಸುತ್ತದೆ. 5 ಮಿಲಿಮೀಟರ್ ದಪ್ಪದ ಬೂಟುಗಳು ಯುರೋಪಿನ ಚಳಿ ನೀರಿಗೆ ಮಾಡಿದವು. ನಮಗೆ 2 ಅಥವಾ 3 ಮಿಲಿಮೀಟರ್ ಸಾಕು, ಹರಡಿನ ಕೆಳಗೇ ನಿಲ್ಲುವ ಗಿಡ್ಡ ಬೂಟು ಇನ್ನೂ ಹಿತ. ಲಂಡನ್‌ನಲ್ಲೋ ಆಮ್‌ಸ್ಟರ್‌ಡ್ಯಾಮ್‌ನಲ್ಲೋ ನೆಲೆಸಿ ಅಲ್ಲಿನ ಕ್ಲಬ್ ಸೇರಿದವರು ಊರಿನ ಅಭ್ಯಾಸದ ಮೇಲೆ ತೆಳು ಬೂಟು ಕೊಳ್ಳಬೇಡಿ. ಅಲ್ಲಿ ಏಪ್ರಿಲ್‌ನ ಬಿಸಿಲು ಮೋಸಗಾರ. ಗಾಳಿ ಹಿತವಾಗಿದ್ದರೂ ನೀರು ಚಳಿಗಾಲದ ತಣ್ಣನೆಯಲ್ಲೇ ಇರುತ್ತದೆ.

ಸರಿಯಾದ ಅಳತೆ ಯಾವುದು?

ನಿಯೋಪ್ರೀನ್ ಬೂಟು ಕಾಲಿಗೆ ಎರಡನೇ ಚರ್ಮವಾಗಿ ಕೂರಬೇಕು. ಒಣಗಿದ್ದಾಗ ಸ್ವಲ್ಪ ಬಿಗಿಯೆನಿಸಿದರೆ ಒಳ್ಳೆಯದೇ, ನೆಂದ ಮೇಲೆ ಸಡಿಲುತ್ತದೆ. ಹಿಮ್ಮಡಿಯಲ್ಲಿ ಜಾಗ ಉಳಿದಿದ್ದರೆ ಅಲ್ಲಿ ನೀರು ತುಂಬಿ ಪಚಪಚ ಎನ್ನುತ್ತದೆ, ಪಾದ ಒಳಗೇ ಓಡಾಡಿ ಬೊಕ್ಕೆ ಏಳುತ್ತದೆ. ಆದರೆ ಬೆರಳುಗಳು ಮಡಚಿಕೊಳ್ಳುವಷ್ಟು ಚಿಕ್ಕದಾಗಬಾರದು. ಡೆಕ್ ಶೂಗಳನ್ನು ಸಂಜೆ ಹೊತ್ತು ಹಾಕಿ ನೋಡಿ, ದಿನವಿಡೀ ನಡೆದ ಪಾದ ತುಸು ಊದಿಕೊಂಡಿರುತ್ತದೆ. ಅಗಲ ಪಾದದವರಿಗೆ ವಿದೇಶಿ ಅಚ್ಚಿನ ಬೂಟುಗಳು ಪಕ್ಕದಲ್ಲಿ ಕಚ್ಚುತ್ತವೆ. ಅಂಥವರು ಆನ್‌ಲೈನ್‌ನಲ್ಲಿ ತರಿಸುವಾಗ ಹಿಂದಿರುಗಿಸುವ ಅವಕಾಶ ಇದೆಯೇ ಎಂದು ನೋಡಿಕೊಳ್ಳಿ.

ಮಗಳಿಗೆ ಒಂಬತ್ತು ವರ್ಷ, ಆಪ್ಟಿಮಿಸ್ಟ್ ದೋಣಿ ಕಲಿಯುತ್ತಿದ್ದಾಳೆ. ದುಬಾರಿ ಬೂಟು ಕೊಡಿಸಬೇಕೇ?

ಬೇಡ. ಆಪ್ಟಿಮಿಸ್ಟ್ 2.3 ಮೀಟರ್ ಉದ್ದದ ಪುಟ್ಟ ದೋಣಿ, 15 ವರ್ಷದವರೆಗಿನ ಮಕ್ಕಳಿಗೆಂದೇ ಇರುವುದು. ಈ ವಯಸ್ಸಿನಲ್ಲಿ ಪಾದ ಬೆಳೆಯುವ ವೇಗಕ್ಕೆ ಯಾವ ಬೂಟೂ ಹೆಚ್ಚು ಕಾಲ ಬಾಳುವುದಿಲ್ಲ. ನೀರಾಟದ ಶೂ ಎಂದು ಮಾರುವ, ಗಟ್ಟಿ ರಬ್ಬರ್ ಅಟ್ಟೆಯ ಅಗ್ಗದ ಜೊತೆ ಸಾಕು. ಬೆಂಗಳೂರಿನಲ್ಲಿ ಡೆಕಥ್ಲಾನ್‌ನಂಥ ಕ್ರೀಡಾ ಅಂಗಡಿಗಳಲ್ಲಿ ಸಿಗುತ್ತದೆ. ಕಾಲುಚೀಲದಷ್ಟು ತೆಳುವಾದ ಅಟ್ಟೆಯದು ಬೇಡ. ಮುಂದಿನ ವರ್ಷಕ್ಕೂ ಆಗಲಿ ಎಂದು ಎರಡು ಅಳತೆ ದೊಡ್ಡದು ಕೊಡಿಸುವ ನಮ್ಮ ಮನೆಗಳ ಪದ್ಧತಿಯನ್ನು ಇಲ್ಲಿ ಮಾತ್ರ ಬಿಡಿ. ದೊಡ್ಡ ಶೂ ಹಾಕಿದ ಮಗು ದೋಣಿಯಲ್ಲಿ ಎಡವುತ್ತದೆ. ಕ್ಲಬ್ಬಿನ ಹಿರಿಯ ಮಕ್ಕಳ ಹಳೆಯ ಬೂಟು ಸಿಕ್ಕರೆ ಸಂಕೋಚವಿಲ್ಲದೆ ತೆಗೆದುಕೊಳ್ಳಿ.

ಕೆರೆಯ ನೀರು ಕೊಳಕಾಗಿರುತ್ತದೆ. ಶೂ ಹಾಕಿದರೆ ಸಾಕೇ?

ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಹಾಯಿದೋಣಿ ನಡೆಸುತ್ತಾರೆ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಮಳೆಗಾಲದಲ್ಲೇ ಪಂದ್ಯಾವಳಿ ನಡೆಯುತ್ತದೆ. ಎರಡು ಕೆರೆಗಳೂ ಊರೊಳಗೇ ಇವೆ, ಊರಿನ ಚರಂಡಿಯ ಪಾಲು ಅವುಗಳ ನೀರಿನಲ್ಲಿ ಇದ್ದೇ ಇದೆ. ದೋಣಿಯನ್ನು ಇಳಿಜಾರಿನಿಂದ ನೀರಿಗೆ ಇಳಿಸುವಾಗ ಮೊಣಕಾಲಿನವರೆಗೆ ಇಳಿಯುತ್ತೀರಿ, ಕೆಸರಿನಲ್ಲಿ ಗಾಜಿನ ಚೂರು, ತುಕ್ಕು ಹಿಡಿದ ತಂತಿ ಏನು ಬೇಕಾದರೂ ಇರಬಹುದು. ಇಲ್ಲಿ ಬೂಟು ಕಡ್ಡಾಯವೆಂದೇ ತಿಳಿಯಿರಿ.

ಆದರೆ ಬೂಟಿನೊಳಗೂ ಅದೇ ನೀರು ತುಂಬುತ್ತದೆ. ಇಲಿ ಜ್ವರದ ಸೂಕ್ಷ್ಮಾಣು ಚರ್ಮದ ಗಾಯದ ಮೂಲಕ ಒಳಸೇರುತ್ತದೆ, ಮಳೆಗಾಲದಲ್ಲಿ ಅದರ ಭಯ ಹೆಚ್ಚು. ಕಾಲಿನಲ್ಲಿ ಗಾಯವಿದ್ದರೆ ನೀರು ಸೋಕದ ಪಟ್ಟಿ ಹಾಕಿ, ಗಾಯ ದೊಡ್ಡದಿದ್ದರೆ ಆ ದಿನ ದಡದಲ್ಲೇ ಇರಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಎಷ್ಟು ವರ್ಷವಾಯಿತೆಂದು ನೋಡಿಕೊಳ್ಳಿ. ಮನೆಗೆ ಬಂದ ಕೂಡಲೇ ಸೋಪು ಹಚ್ಚಿ ಕಾಲು ತೊಳೆದು ಬೆರಳ ಸಂದಿಗಳನ್ನು ಒರೆಸಿ. ನೀರಿಗಿಳಿದ ಒಂದೆರಡು ವಾರಗಳಲ್ಲಿ ಜ್ವರ, ಮೀನಖಂಡದಲ್ಲಿ ನೋವು ಬಂದರೆ ವೈದ್ಯರಿಗೆ ಕೆರೆಯ ನೀರಿನ ವಿಷಯವನ್ನು ಮರೆಯದೆ ಹೇಳಿ.

ಕಡಲಿನ ದಕ್ಕೆ, ಜೆಟ್ಟಿಗಳ ಬಳಿ ಕಾಟ ಬೇರೆ. ಕಂಬಕ್ಕೆ, ಕಲ್ಲಿಗೆ ಅಂಟಿದ ಚಿಪ್ಪುಜೀವಿಗಳ ಅಂಚು ಬ್ಲೇಡಿನಂತಿರುತ್ತದೆ. ಪಾಚಿ ಹಿಡಿದ ಇಳಿಜಾರಿನ ಮೇಲೆ ಎಷ್ಟೇ ಬೆಲೆಯ ಅಟ್ಟೆಯೂ ಕೈಕೊಡುತ್ತದೆ. ಹಸಿರು ಕಂಡಲ್ಲಿ ಕಾಲಿಡಬೇಡಿ.

ಕಾಲುಚೀಲ ಹಾಕಬೇಕೇ?

ಹತ್ತಿಯದು ಬೇಡ, ನೆಂದರೆ ಮುದ್ದೆಯಾಗಿ ಚರ್ಮ ಉಜ್ಜುತ್ತದೆ. ತೆಳು ಸಿಂಥೆಟಿಕ್ ಕಾಲುಚೀಲ ಬೊಕ್ಕೆ ತಡೆಯುತ್ತದೆ. ಚಳಿಯ ಊರುಗಳಲ್ಲಿ ಉಣ್ಣೆ, ಏಕೆಂದರೆ ಅದು ಒದ್ದೆಯಾದರೂ ಬೆಚ್ಚಗಿಡುತ್ತದೆ.

ದೂರದ ಕಡಲಯಾನಕ್ಕೆ ಹೋಗುವವರು ಏನು ಹಾಕುತ್ತಾರೆ?

ಭಾರತೀಯ ನೌಕಾಪಡೆಯ ತಾರಿಣಿ ಹಾಯಿದೋಣಿ ಗೋವಾದಿಂದ ಹೊರಟು ಎರಡು ಬಾರಿ ಭೂಮಿಯನ್ನು ಸುತ್ತಿಬಂದಿದೆ: 2017-18ರಲ್ಲಿ ಆರು ಮಹಿಳಾ ಅಧಿಕಾರಿಗಳೊಂದಿಗೆ, 2024-25ರಲ್ಲಿ ಲೆಫ್ಟಿನೆಂಟ್ ಕಮಾಂಡರ್‌ಗಳಾದ ದಿಲ್ನಾ ಕೆ. ಮತ್ತು ರೂಪಾ ಎ. ಇಬ್ಬರೊಂದಿಗೆ. ಅಂಥ ಯಾನದ ದಾರಿ ದಕ್ಷಿಣ ಮಹಾಸಾಗರದ ಮೂಲಕ ಹೋಗುತ್ತದೆ. ಅಲೆಗಳು ಡೆಕ್ ಮೇಲೆಯೇ ಹಾಯುತ್ತವೆ, ಗಾಳಿ ಮೂಳೆ ಕೊರೆಯುತ್ತದೆ. ಪಾದ ದಿನಗಟ್ಟಲೆ ಒದ್ದೆಯಾಗಿ ತಣ್ಣಗಿದ್ದರೆ ರಕ್ತಸಂಚಾರ ಕೆಟ್ಟು ಚರ್ಮವೂ ನರಗಳೂ ಹಾನಿಗೊಳ್ಳುತ್ತವೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸೈನಿಕರನ್ನು ಕಾಡಿದ್ದು ಇದೇ ತೊಂದರೆ.

ಆದ್ದರಿಂದ ಅಲ್ಲಿ ಮೀನಖಂಡದವರೆಗೆ ಬರುವ ಎತ್ತರದ ಬೂಟು ಬೇಕು. ಅಗ್ಗದ್ದೆಂದರೆ ರಬ್ಬರ್ ಬೂಟು. ಹೊರಗಿನ ನೀರನ್ನು ಪೂರ್ತಿ ತಡೆಯುತ್ತದೆ, ಒಳಗಿನ ಬೆವರನ್ನೂ ಹಾಗೆಯೇ ಕೂಡಿಹಾಕುತ್ತದೆ. ಬೆವರಿನ ಆವಿಯನ್ನು ಹೊರಬಿಟ್ಟು ನೀರನ್ನು ಒಳಬಿಡದ ಗೋರ್-ಟೆಕ್ಸ್ ಪದರದ ಚರ್ಮದ ಬೂಟುಗಳೂ ಇವೆ. ಐರ್ಲೆಂಡಿನ ಡುಬಾರಿ ಕಂಪನಿ ಇವುಗಳಿಗೆ ಹೆಸರುವಾಸಿ. ಬೆಲೆ ಮಾತ್ರ ಎದೆ ಝಲ್ಲೆನಿಸುವಂಥದ್ದು. ಮುಂಬೈ, ಗೋವಾಗಳ ನಡುವೆ ಒಳ್ಳೆಯ ಹವೆಯಲ್ಲಿ ಓಡಾಡುವವರಿಗೆ ಇದರ ಅಗತ್ಯವೇ ಇಲ್ಲ. ಅವರು ಒಂದು ಜೊತೆ ಒಣ ಡೆಕ್ ಶೂಗಳನ್ನು ಕ್ಯಾಬಿನ್ನಿನಲ್ಲಿ ಹೆಚ್ಚುವರಿಯಾಗಿ ಇಟ್ಟುಕೊಂಡರೆ ಸಾಕು.

ಗದ್ದೆಗೆ ಹಾಕುವ ಗಂಬೂಟು ಆಗದೇ?

ಆಗದು. ಅಟ್ಟೆ ಗಡುಸು, ಕೆಸರಿಗೆ ಮಾಡಿದ ಹಲ್ಲು, ಬಾಯಿ ಅಗಲ. ಒದ್ದೆ ಡೆಕ್‌ನಲ್ಲಿ ಜಾರುತ್ತದೆ.

ನೀರಿಗೆ ಬಿದ್ದರೆ ಬೂಟಿನೊಳಗೆ ನೀರು ತುಂಬಿ ಕೆಳಗೆಳೆಯುತ್ತದೆಯಂತೆ, ನಿಜವೇ?

ಬಹಳ ಜನ ನಂಬಿರುವ ಮಾತು, ಆದರೆ ಹಾಗಲ್ಲ. ನೀರಿನೊಳಗಿರುವ ನೀರಿಗೆ ನಿಮ್ಮನ್ನು ಮುಳುಗಿಸುವ ತೂಕವಿಲ್ಲ. ಬೂಟಿನೊಳಗೆ ನೀರು ತುಂಬಿದ ಮಾತ್ರಕ್ಕೆ ನೀವು ಕಲ್ಲಿನಂತೆ ಕೆಳಗಿಳಿಯುವುದಿಲ್ಲ. ತೊಂದರೆ ಇರುವುದು ಎರಡು ಕಡೆ. ಕಾಲು ಬಡಿದು ಈಜುವುದು ಕಷ್ಟವಾಗುತ್ತದೆ. ಮತ್ತೆ ದೋಣಿ ಹತ್ತುವಾಗ ಆ ನೀರೆಲ್ಲ ನೀರಿನ ಮಟ್ಟದಿಂದ ಮೇಲೆ ಬರುತ್ತದಲ್ಲ, ಆಗ ಅದು ನಿಜವಾದ ಭಾರ. ಹಾಗಾಗಿ ಎತ್ತರದ ಬೂಟು ಒದ್ದರೆ ಕಳಚಿಬರುವಷ್ಟು ಸಡಿಲವಿರಲಿ ಎನ್ನುವುದು ಹಳೆಯ ನಾವಿಕರ ರೂಢಿ. ನೀರು ತೀರಾ ತಣ್ಣಗಿದ್ದರೆ ಅವಸರದಿಂದ ಕಳಚಬೇಡಿ, ಬೂಟು ಶಾಖ ಉಳಿಸುತ್ತದೆ. ತೇಲಿಸುವ ಕೆಲಸ ಲೈಫ್ ಜಾಕೆಟ್‌ನದು. ಅದನ್ನು ಹಾಕದೆ ಬೂಟಿನ ಚಿಂತೆ ಮಾಡುವುದರಲ್ಲಿ ಅರ್ಥವಿಲ್ಲ.

ಪಂದ್ಯಗಳಲ್ಲಿ ಶೂಗಳಿಗೆ ನಿಯಮವಿದೆಯೇ?

ಹಾಯಿದೋಣಿ ಪಂದ್ಯಗಳ ಅಂತರರಾಷ್ಟ್ರೀಯ ನಿಯಮ 50ರ ಪ್ರಕಾರ ಸ್ಪರ್ಧಿಯ ಬಟ್ಟೆ ಮತ್ತು ಸಲಕರಣೆಗಳ ತೂಕಕ್ಕೆ ಸಾಮಾನ್ಯವಾಗಿ 8 ಕಿಲೋಗ್ರಾಂ ಮಿತಿ. ಒದ್ದೆ ಬಟ್ಟೆ ತೊಟ್ಟು ತೂಕ ಹೆಚ್ಚಿಸಿಕೊಂಡು ಲಾಭ ಪಡೆಯಬಾರದೆಂದು ಈ ಕಟ್ಟಳೆ. ಮೊಣಕಾಲಿನ ಕೆಳಗೆ ಧರಿಸುವ ಪಾದರಕ್ಷೆ ಈ ಲೆಕ್ಕಕ್ಕೆ ಸೇರುವುದಿಲ್ಲ. ಆಯಾ ದೋಣಿಯ ವರ್ಗಕ್ಕೆ ಬೇರೆ ನಿಯಮವಿರಬಹುದು, ಪಂದ್ಯದ ಸೂಚನೆಗಳನ್ನು ಓದಿಕೊಳ್ಳಿ.

ಬಳಸಿದ ಮೇಲೆ ಹೇಗೆ ನೋಡಿಕೊಳ್ಳಬೇಕು?

ಸಿಹಿನೀರಿನಲ್ಲಿ ಒಳಗೂ ಹೊರಗೂ ತೊಳೆಯಿರಿ, ಕೆರೆಯಿಂದ ಬಂದರೂ ಸರಿ, ಕಡಲಿನಿಂದ ಬಂದರೂ ಸರಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅಟ್ಟೆಯ ಸೀಳುಗಳಲ್ಲಿ ಕೂತ ಮರಳು ತೆಗೆಯಿರಿ. ಸೀಳು ಮುಚ್ಚಿಕೊಂಡ ಅಟ್ಟೆ ಬೋಳು ಅಟ್ಟೆಗೆ ಸಮ. ನೆರಳಿನಲ್ಲಿ, ಗಾಳಿಯಾಡುವಲ್ಲಿ ತಲೆಕೆಳಗಾಗಿ ಒಣಗಿಸಿ. ತಾರಸಿಯ ಬಿಸಿಲು ನಿಯೋಪ್ರೀನನ್ನೂ ಅಂಟನ್ನೂ ಬೇಗ ಮುಪ್ಪಾಗಿಸುತ್ತದೆ. ಮಳೆಗಾಲದಲ್ಲಿ ಒಳಗೆ ಪತ್ರಿಕೆಯ ಹಾಳೆ ತುರುಕಿ, ನೆಂದಾಗ ಬದಲಿಸುತ್ತಿರಿ. ಜಿಪ್ಪಿಗೆ ಆಗಾಗ ಮೇಣದಬತ್ತಿಯ ತುಂಡು ಉಜ್ಜಿದರೆ ಉಪ್ಪಿಗೆ ಸಿಕ್ಕು ಕಚ್ಚಿಕೊಳ್ಳುವುದಿಲ್ಲ. ವಾಸನೆಗೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ನೆನೆಸಿಟ್ಟು ತೊಳೆಯಿರಿ.

ಬಳಸದೆ ಎತ್ತಿಟ್ಟರೆ ಹೆಚ್ಚು ಬಾಳುತ್ತದೆ ಎಂದುಕೊಳ್ಳಬೇಡಿ. ಕೆಲವು ಶೂಗಳ ನಡುವಿನ ಪಾಲಿಯುರೆಥೇನ್ ಪದರ ಗಾಳಿಯ ತೇವಕ್ಕೇ ಒಳಗೊಳಗೆ ಸಡಿಲವಾಗಿ, ಕೆಲವು ವರ್ಷಗಳ ನಂತರ ಹಾಕಿಕೊಂಡ ದಿನ ರೊಟ್ಟಿಯ ಪುಡಿಯಂತೆ ಉದುರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಇದು ಇನ್ನೂ ಬೇಗ.

ಹಳೆಯ ಶೂ ಯಾವಾಗ ಬಿಡಬೇಕು?

ಸ್ನಾನದ ಮನೆಯ ಒಂದು ಬಿಡಿ ಟೈಲ್ ಸಿಕ್ಕರೆ ಅದನ್ನು ಒದ್ದೆ ಮಾಡಿ ಓರೆಯಾಗಿ ಇಟ್ಟು, ಹಳೆಯದನ್ನೂ ಹೊಸದನ್ನೂ ಅದರ ಮೇಲಿಟ್ಟು ನೋಡಿ. ಹೊಸದು ನಿಂತಲ್ಲಿ ಹಳೆಯದು ಜಾರಿದರೆ ಅಟ್ಟೆಯ ರಬ್ಬರ್ ಬಿರುಸಾಗಿದೆ. ಮೇಲ್ಮೈ ಮಾತ್ರ ಹೊಳಪು ಬಂದಿದ್ದರೆ ನಯವಾದ ಮರಳುಕಾಗದದಿಂದ ಲಘುವಾಗಿ ಉಜ್ಜಿ ಸ್ವಲ್ಪ ದಿನ ದೂಡಬಹುದು. ಸೀಳುಗಳೇ ಸವೆದು ಮಾಯವಾಗಿದ್ದರೆ, ಅಥವಾ ಡಿಂಗಿ ಬೂಟಿನ ಮೇಲಿನ ಮೆತ್ತೆ ಚಪ್ಪಟೆಯಾಗಿ ಪಟ್ಟಿ ಮತ್ತೆ ಕಾಲಿಗೆ ಒತ್ತತೊಡಗಿದರೆ, ಅವನ್ನು ತೋಟದ ಕೆಲಸಕ್ಕೆ ಇಟ್ಟುಕೊಂಡು ದೋಣಿಗೆ ಬೇರೆ ಜೊತೆ ತನ್ನಿ.